ಕಾಯಿ ಸಾಲಿಯ ಹಾಜರಿ

ಬ್ಯಾಡಗಿ ಬಂತೆಂಬುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಈ ಸಲ ಸಂಕ್ರಮಣ ಮುಗಿದ ವಾರ, ವರ್ಷದ ಖಾರದಪುಡಿಗೆಂದು ಮೆಣಸಿನಕಾಯಿ ತರಲು ಹೋಗಿದ್ದೆ. ಮಾರುಕಟ್ಟೆ ಇನ್ನೂ ದೂರವಿರುವಾಗಲೇ ಕಾರು ನಡೆಸುತ್ತಿದ್ದ ತಂಗಿಯ ಮಗಳು ಮೂಗಿಗೆ ವೇಲು ಒತ್ತಿಕೊಂಡು ಗಾಜು ಏರಿಸಿದಳು. ನಾನು ನನ್ನ ಕಡೆಯ ಗಾಜು ಇಳಿಸಿದೆ. ಒಂದು ಸೀನು ಬಂತು, ಎರಡನೆಯದು ಬಂತು, ಮೂರನೆಯದಕ್ಕೆ ಕಣ್ಣಲ್ಲಿ ನೀರು.

"ದೊಡ್ಡವ್ವಾ, ಹುಚ್ಚು ಗಿಚ್ಚು ಹಿಡದೈತೇನ ನಿನಗ? ಗಾಜು ಏರ್ಸು ಲಗೂ," ಅಂದಳು.

ಏರಿಸಲಿಲ್ಲ. ಆ ಘಾಟು ಮೂಗಿಗೆ ಬಡಿದರೆ ನನ್ನ ಕಾಲು ಈಗಲೂ ಸುಮ್ಮನಿರುವುದಿಲ್ಲ. ಎಲ್ಲಿಗೋ ಹೊತ್ತಾಯಿತು, ಯಾರೋ ಕಾಯುತ್ತಿದ್ದಾರೆ, ನಾನಿನ್ನೂ ಮನೆಯನ್ನೇ ಬಿಟ್ಟಿಲ್ಲ ಅನ್ನಿಸತೊಡಗುತ್ತದೆ. ಇಪ್ಪತ್ತು ವರ್ಷದ ಮೇಲಾಯಿತು, ಈ ಚಡಪಡಿಕೆ ನನ್ನನ್ನು ಬಿಟ್ಟಿಲ್ಲ. ಚೀಲ ಹಾಕಿಸಿಕೊಂಡು ರಾಣೆಬೆನ್ನೂರಿಗೆ ಹೊರಟವರು ಕದರಮಂಡಲಗಿ ದಾಟುತ್ತಿದ್ದಂತೆ, "ಇಲ್ಲೇ ಒಳದಾರಿಗೆ ತಿರುಗಸವಾ" ಅಂದೆ. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಓದಿ, "ಅಕ್ಕೋರ, ಇದನ್ನೆಲ್ಲ ಬರಿಯೂದು ಏನಿತ್ರಿ?" ಎಂದು ಫೋನು ಮಾಡುತ್ತಾರೆ.

ಶಾಲೆ ಅಲ್ಲೇ ಇದೆ. ಎರಡು ಕೋಣೆ ನಾಲ್ಕಾಗಿವೆ, ಹೆಂಚು ಹೋಗಿ ತಾರಸಿ ಬಂದಿದೆ. ಶನಿವಾರದ ಮಧ್ಯಾಹ್ನವಾದ್ದರಿಂದ ಬೀಗ ಹಾಕಿತ್ತು. ಜಗಲಿಯ ಗೋಡೆಯ ಮೇಲೆ ಇಲ್ಲಿ ಕೆಲಸ ಮಾಡಿದ ಮುಖ್ಯ ಗುರುಗಳ ಹೆಸರು, ಬಂದ ತಾರೀಖು, ಹೋದ ತಾರೀಖು, ಎಲ್ಲ ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಏಳನೆಯ ಹೆಸರು ಮಲ್ಲೇಶಪ್ಪ ಮಾಸ್ತರರದು. ಎಂಟನೆಯದು ನನ್ನದು. ಅವರು ಹೋದ ತಾರೀಖಿನ ಮರುದಿನವೇ ನಾನು ಬಂದ ತಾರೀಖು. ಓದುವವರಿಗೆ ಇದು ನಿಯಮದ ಪ್ರಕಾರ ನಡೆದ ಕೆಲಸ. ನನಗೆ ಮಾತ್ರ ಅದನ್ನು ನಿಂತು ಓದಲು ಆಗಲಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ನಾಲ್ಕಾರು ಸಲ ಓಡಾಡಿದೆ. ಕಾರಿನಲ್ಲಿದ್ದವಳು ಒಂದು ಸಲ ಹಾರ್ನ್ ಕೂಡ ಮಾಡಿದಳು.

ನಾನು ಅಲ್ಲಿಗೆ ಸಹಶಿಕ್ಷಕಿಯಾಗಿ ಬಂದದ್ದು ಎರಡು ಸಾವಿರದ ಒಂದನೇ ಇಸವಿಯ ಜೂನಿನಲ್ಲಿ. ಇಪ್ಪತ್ನಾಲ್ಕು ವಯಸ್ಸು, ರಾಣೆಬೆನ್ನೂರಿನಲ್ಲಿ ಮನೆ, ಕೈಯಲ್ಲಿ ಹೈಸ್ಕೂಲು ಶಿಕ್ಷಕರ ಪರೀಕ್ಷೆಯ ಗೈಡು. ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದರಿಂದ ನಾಲ್ಕನೆಯ ತರಗತಿ, ನಲವತ್ಮೂರು ಮಕ್ಕಳು. ಆದೇಶ ಕೈಗೆ ಬಂದ ದಿನವೇ ವರ್ಗಾವಣೆಗೆ ಎಷ್ಟು ವರ್ಷ ಕಾಯಬೇಕೆಂದು ವಿಚಾರಿಸಿದವಳು ನಾನು. ಬಸ್ಸಿನಲ್ಲಿ ಕೂತರೆ ಇಳಿಯುವ ಅವಸರ, ಇಳಿದರೆ ವಾಪಸು ಹೋಗುವ ಬಸ್ಸಿನ ಚಿಂತೆ. ಪಾಠ ಮಾಡುತ್ತಲೇ ಕಿಟಕಿಯಾಚೆ ರಸ್ತೆ ನೋಡುತ್ತಿದ್ದೆ. ಮಕ್ಕಳು ಅದನ್ನು ಕಂಡುಹಿಡಿದು, "ಅಕ್ಕೋರ, ಬಸ್ಸು ಇನ್ನೂ ಬಂದಿಲ್ಲರಿ" ಎಂದು ನಡುನಡುವೆ ವರದಿ ಒಪ್ಪಿಸುತ್ತಿದ್ದವು.

ಮುಖ್ಯ ಗುರುಗಳಾಗಿದ್ದ ಮಲ್ಲೇಶಪ್ಪ ಮಾಸ್ತರರು ಆ ಊರಿಗೆ ಬಂದು ಹದಿನಾರು ವರ್ಷವಾಗಿತ್ತು. ಬಿಳಿ ಧೋತರ, ಬಿಳಿ ಅಂಗಿ, ಕಿಸೆಯಲ್ಲಿ ಕೆಂಪು ಪೆನ್ನು. ಶಾಲೆಯ ಹಿಂದೆಯೇ ಜಾಗ ಹಿಡಿದು ಮನೆ ಕಟ್ಟಿಸಿಕೊಂಡಿದ್ದರು. ಹೆಂಡತಿಗೆ ಕೀಲುನೋವು, ಹೆಚ್ಚು ನಡೆಯಲಾಗದು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದರೆಂದರೆ ಜೊತೆಗೆ ಶಾಲೆಯ ಚರಿತ್ರೆಯೂ ಬಿಚ್ಚಿಕೊಳ್ಳುತ್ತಿತ್ತು. ಮೊದಲನೆಯ ಮಾಸ್ತರರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹನ್ನೊಂದು ಹುಡುಗರನ್ನು ಕೂಡಿಸಿಕೊಂಡು ಶಾಲೆ ತೆರೆದದ್ದು. ಬ್ಯಾಡಗಿ ಸ್ಟೇಶನ್ನಿನಲ್ಲಿ ಬಿದ್ದಿದ್ದ ರೈಲು ಹಳಿಯ ತುಂಡನ್ನು ಬೇಡಿ, ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಗಂಟೆಯೆಂದು ಕಟ್ಟಿದ್ದು. ಎರಡನೆಯವರು ಹೆಣ್ಣುಮಕ್ಕಳನ್ನು ಕಳಿಸದ ಮನೆಯ ಹೊಸ್ತಿಲ ಮೇಲೆ ಕೂತು, ಕಳಿಸುವ ತನಕ ಏಳುತ್ತಿರಲಿಲ್ಲವಂತೆ. ನಾಲ್ಕನೆಯವರು ಅಕ್ಕೋರು, ಮೊಲೆಯೂಡುವ ಕೂಸಿನ ತೊಟ್ಟಿಲನ್ನು ತರಗತಿಯ ತೊಲೆಗೇ ಕಟ್ಟಿ, ಒಂದು ಕೈಯಲ್ಲಿ ತೂಗುತ್ತ ಮಗ್ಗಿ ಹೇಳಿಕೊಟ್ಟವರು. ನಾನು ಗೈಡಿನ ಮೇಲೆ ಕಣ್ಣಿಟ್ಟು ಹೂಂಗುಡುತ್ತಿದ್ದೆ.

"ಕೇಳಾಕತ್ತೀರೇನ್ರಿ?" ಎಂದು ಒಮ್ಮೆ ನಿಲ್ಲಿಸಿ ಕೇಳಿದರು.

"ಹೂನ್ರಿ ಸರ್."

"ಹಂಗಾರ ತೊಟ್ಟಿಲಾ ಕಟ್ಟಿದವರು ಎಷ್ಟನೇದವರು?"

ನಾನು ಮೂರು ಅಂದೆ. ಮಾಸ್ತರರು ರೊಟ್ಟಿ ಮುರಿಯುತ್ತ ನಕ್ಕರು. "ಇರ್ಲಿ ಬಿಡ್ರಿ. ಇದೇನು ಬಸ್ಸಿನ ಟೈಮ್ ಅಲ್ಲಲ್ಲ, ನಿಮ್ಮ ತಲ್ಯಾಗ ನಿಲ್ಲಾಕ."

ಜನವರಿಯಲ್ಲಿ, ಸಂಕ್ರಮಣದ ಮರುದಿನ, ಸೂಚನಾ ಪುಸ್ತಕವನ್ನು ನನ್ನ ಮುಂದೆ ಇಟ್ಟರು. ಅದರಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: 'ನಾಳೆಯಿಂದ ಕಾಯಿ ಮುಗಿಯುವ ತನಕ ಸಾಲಿ ಮುಂಜಾನೆ ಆರೂವರೆಯಿಂದ ಒಂಬತ್ತೂವರೆ.'

"ಇದೇನ್ರಿ ಸರ್?"

"ಕಾಯಿ ಸಾಲಿ. ಇಲ್ಲಿಂದ ಶಿವರಾತ್ರಿ ಮಟ ಊರಾಗ ಒಂದು ಕೈ ಖಾಲಿ ಇರೂದಿಲ್ಲ. ಹೊಲದಾಗ ಮೆಣಸಿನಕಾಯಿ ಹರೀಬೇಕು, ಮನ್ಯಾಗ ತುಂಬು ಬಿಡಸಬೇಕು. ಹತ್ತೂವರಿಗೆ ಗಂಟಿ ಹೊಡದ್ರ ನಾವು ಗ್ವಾಡಿಗೆ ಪಾಠ ಮಾಡಬೇಕಾಗತೈತಿ. ಅದಕ್ಕ ಮದಲನೇ ಮಾಸ್ತರ್ರು ಹಾಕಿಕೊಟ್ಟ ಪದ್ಧತಿ ಇದು. ಅಲ್ಲಿಂದ ಇಲ್ಲಿ ಮಟ ಯಾರೂ ಬಿಟ್ಟಿಲ್ಲ."

ತುಂಬು ಎಂದರೆ ಕಾಯಿಯ ತೊಟ್ಟು. ವ್ಯಾಪಾರಿಗಳು ಚೀಲಗಟ್ಟಲೆ ಕಾಯಿಯನ್ನು ಊರಿಗೇ ಕಳಿಸುತ್ತಿದ್ದರು. ಹೆಂಗಸರೂ ಮಕ್ಕಳೂ ಕೂತು ಒಂದೊಂದೇ ತೊಟ್ಟು ಬಿಡಿಸಬೇಕು. ಅದೆಲ್ಲ ನನಗೆ ಗೊತ್ತಿತ್ತು. ನನ್ನ ಚಿಂತೆ ಬೇರೆ. "ಆರೂವರಿಗೆ ನನಗ ಬಸ್ಸಿಲ್ಲರಿ. ಮದಲನೇ ಬಸ್ಸು ಇಲ್ಲಿ ಮುಟ್ಟೂದ ಹತ್ತಕ್ಕ."

ಅವರು ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿದರು. "ನೀವು ಹತ್ತಕ್ಕ ಬರ್ರಿ. ಕಾಯಿಗೆ ಹೋಗದ ಸಣ್ಣ ಹುಡುಗರು ಉಳಿತಾವಲ್ಲ, ಅವನ್ನ ನೋಡಿಕೊಳ್ರಿ. ಮುಂಜಾನಿದು ನಾ ನಡಸ್ತೀನಿ. ಹಾಜರಿ ಪುಸ್ತಕದಾಗ ಮಾತ್ರ ಆರೂವರಿ ಅಂತ ಸಹಿ ಹಾಕ್ರಿ, ಇಲ್ಲಂದ್ರ ನಿಮಗ ತ್ರಾಸ ಆಗತೈತಿ."

ಹಾಕಿದೆ. ಮರುದಿನವೂ ಹಾಕಿದೆ. ಹತ್ತು ಗಂಟೆಗೆ ಬಂದು ಆರೂವರೆ ಎಂದು ಬರೆಯುವುದು ಮೂರನೆಯ ದಿನಕ್ಕೆ ರೂಢಿಯಾಗಿಬಿಟ್ಟಿತು. ಆಗ ಮುಜುಗರ ಕೂಡ ಆಗಲಿಲ್ಲವಲ್ಲ ಎಂಬ ಮುಜುಗರ ಈಗ ಬರೆಯುವಾಗ ಆಗುತ್ತಿದೆ.

ಆದರೆ ಆ ಹಗಲುಗಳು ಮುಗಿಯುತ್ತಲೇ ಇರಲಿಲ್ಲ. ಒಂಬತ್ತು ಪುಟ್ಟ ಮಕ್ಕಳು, ಅದರಲ್ಲಿ ನಾಲ್ಕು ಮಧ್ಯಾಹ್ನಕ್ಕೆ ಮಲಗುವಂಥವು. ಗೈಡು ತೆರೆದರೆ ಅಕ್ಷರ ಹತ್ತುತ್ತಿರಲಿಲ್ಲ. ಊರೆಲ್ಲ ಕೆಂಪಗೆ ಹರಡಿಕೊಂಡಿತ್ತು. ಅಂಗಳ, ಕಣ, ಮಾಳಿಗೆ, ಎಲ್ಲಿ ನೋಡಿದರೂ ಕಾಯಿ. ಗಾಳಿ ಬೀಸಿದರೆ ಗಂಟಲಲ್ಲಿ ಉರಿ. ನಾನು ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಎದ್ದು ಕೂತು ಮಾಡುತ್ತಿದ್ದೆ. ಒಂದು ದಿನ ಬೇಜಾರಿಗೆ ಕಪಾಟಿನಲ್ಲಿದ್ದ ನಾಲ್ಕನೆಯ ತರಗತಿಯ ನೋಟುಪುಸ್ತಕಗಳನ್ನು ತೆಗೆದು ನೋಡಿದೆ. ಸಂಕ್ರಮಣದ ಮರುದಿನದ ತನಕ ಬರಹವಿತ್ತು. ಅಲ್ಲಿಂದ ಮುಂದೆ ಬಿಳಿ ಹಾಳೆ. ಒಂದು ಲೆಕ್ಕವಿಲ್ಲ, ಒಂದು ಶುದ್ಧಬರಹವಿಲ್ಲ, ಕೆಂಪು ಪೆನ್ನಿನ ಗುರುತಿಲ್ಲ. ಎಲ್ಲ ಪುಸ್ತಕದಲ್ಲೂ ಹಾಗೆಯೇ.

ಮುಂಜಾನೆ ಮಕ್ಕಳನ್ನು ಕರೆದು, ಹೆಸರು ಕೂಗಿ, ಹಾಜರಿ ಹಾಕಿ, ಹೊಲಕ್ಕೆ ಅಟ್ಟುತ್ತಾರೆ, ಅಷ್ಟೇ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಆ ವಾರವೇ ವರ್ಗಾವಣೆಯ ಅರ್ಜಿ ಹಿಡಿದು ತಾಲೂಕಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಗುಮಾಸ್ತರು ಅರ್ಜಿಯ ಮೇಲೆ ಕಣ್ಣಾಡಿಸಿ, "ಬಂದು ವರ್ಷ ಸುದ್ದಾ ಆಗಿಲ್ಲ. ಕಾರಣ ಏನಂತ ಬರೀಲೆವಾ?" ಅಂದರು. ನನಗೆ ರೇಗಿತು. "ಕಾರಣ ಅಂದ್ರ, ಅಲ್ಲಿ ಮಕ್ಕಳ ಇರೂದಿಲ್ಲರಿ. ಹತ್ತರ ಮ್ಯಾಲ ಹೋಗಿ ನೋಡ್ರಿ ಬೇಕಾದ್ರ, ಹತ್ತು ಹುಡುಗರು ಸಿಕ್ಕರ ಹೆಚ್ಚು. ನೋಟ್‌ಬುಕ್ ಖಾಲಿ. ಅಲ್ಲಿ ಕುಂತು ನಾ ಏನು ಮಾಡ್ಲಿ?" ಎಂದು ಇಡೀ ಕೋಣೆಗೆ ಕೇಳುವಂತೆ ಹೇಳಿದೆ. ಪಕ್ಕದ ಮೇಜಿನಲ್ಲಿ ಹೊಸದಾಗಿ ಬಂದ ಸಾಹೇಬರೊಬ್ಬರು ಏನೋ ಬರೆಯುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಬರೆಯತೊಡಗಿದರು. ನಾನು ಅರ್ಜಿ ಕೊಟ್ಟು ಹಗುರಾಗಿ ಬಸ್ಸು ಹತ್ತಿದೆ.

ನಾಲ್ಕು ದಿನ ಬಿಟ್ಟು ಹನ್ನೊಂದು ಗಂಟೆಗೆ ಜೀಪು ಬಂತು. ಅದೇ ಸಾಹೇಬರು. ಕೋಣೆಯಲ್ಲಿದ್ದ ಮಕ್ಕಳನ್ನು ಬೆರಳು ಮಾಡಿ ಎಣಿಸಿದರು, ಒಂಬತ್ತು. ಹಾಜರಿ ಪುಸ್ತಕ ತರಿಸಿ ನೋಡಿದರು, ನಲವತ್ಮೂರು.

"ಮಾಸ್ತರ, ಉಳಿದ ಮೂವತ್ನಾಕು ಎಲ್ಲಿ ಅದಾವು?"

"ಕಾಯಿಗೆ ಹೋಗ್ಯಾವು ಸಾಹೇಬ್ರ. ಮುಂಜಾನಿ ಸಾಲಿ ಮುಗಿಸಿಕೊಂಡು ಹೋಗ್ಯಾವು."

"ಮುಂಜಾನಿ ಸಾಲಿ ನಡಸಾಕ ಯಾರ ಆದೇಶ ಐತಿ?"

ಮಾಸ್ತರರು ಒಳಗೆ ಹೋಗಿ ತಗಡಿನ ಟ್ರಂಕು ಎಳೆದು ತಂದರು. ಹಿಂದಿನವರ ಸೂಚನಾ ಪುಸ್ತಕಗಳನ್ನೆಲ್ಲ ಒಂದೊಂದಾಗಿ ತೆಗೆದು ಜನವರಿಯ ಹಾಳೆ ತೋರಿಸಿದರು. ಹಳೆಯ ಕಾಗದ, ಬೇರೆ ಬೇರೆ ಕೈಬರಹ, ಕಪ್ಪು ಶಾಯಿ, ನೀಲಿ ಶಾಯಿ, ಎಲ್ಲದರಲ್ಲೂ ಅದೇ ಒಂದು ಸಾಲು. ಕಾಯಿ ಮುಗಿಯುವ ತನಕ ಸಾಲಿ ಮುಂಜಾನೆ ಆರೂವರೆಗೆ. ಟ್ರಂಕಿನ ಧೂಳಿಗೆ ಸಾಹೇಬರಿಗೆ ಸೀನು ಬಂತು. ಮೂಗೊರೆಸಿಕೊಂಡು, "ಇದು ನೀವು ನೀವ ಬರಕೊಂಡಿದ್ದು. ಒಬ್ಬ ಅಧಿಕಾರಿ ಸಹಿ ಎಲ್ಲೈತಿ?" ಅಂದರು. ಎಲ್ಲೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಮಾಸ್ತರನಿಗೂ ಅದಕ್ಕೆ ಮೇಲಿನವರ ಒಪ್ಪಿಗೆ ಬೇಕೆಂದು ಹೊಳೆದಿರಲಿಲ್ಲ. ಸೂರ್ಯ ಮೂಡಲು ಯಾರು ಆದೇಶ ಕೇಳುತ್ತಾರೆ, ಹಾಗೆ ಅವರ ಮಟ್ಟಿಗೆ.

ಸಾಹೇಬರು ಖಾಲಿ ನೋಟುಪುಸ್ತಕಗಳನ್ನು ಕೇಳಿ ತರಿಸಿದರು. ನಾನು ಕಚೇರಿಯಲ್ಲಿ ಆಡಿದ ಮಾತು ಅವರ ಕಿವಿಯಲ್ಲಿತ್ತು. ಪುಟ ತಿರುವುತ್ತ ಅವರು ಹೇಳಿದ್ದು ಇಷ್ಟು: ಹಾಜರಿ ಸುಳ್ಳು, ಪಾಠ ನಡೆದಿಲ್ಲ, ಒಂಬತ್ತು ಮಕ್ಕಳಿಗೆ ಒಂದು ಶಾಲೆ ಬೇಕಿಲ್ಲ, ಹಳ್ಳದಾಚೆಯ ಊರಿನ ಶಾಲೆಗೆ ಸೇರಿಸಲು ಬರೆಯುತ್ತೇನೆ. ಹೊರಡುವಾಗ ನನ್ನ ಕಡೆ ತಿರುಗಿದರು. ಗುರುತು ಸಿಕ್ಕಿತ್ತು, ಆದರೆ ಮಾಸ್ತರರ ಮುಂದೆ ಅದನ್ನು ಎತ್ತಲಿಲ್ಲ.

"ಅಕ್ಕೋರ, ನೀವು ದಿನಾ ಆರೂವರಿಗೆ ಸಹಿ ಹಾಕೀರಿ. ಅಂದ್ರ ಮುಂಜಾನಿ ಏನು ನಡೀತೈತಿ ನೀವು ಕಣ್ಣಾರೆ ನೋಡೀರಿ. ಅದನ್ನ ಬರದು ಕೊಡ್ರಿ. ಮೂರು ದಿವಸದಾಗ ನನ್ನ ಮೇಜಿನ ಮ್ಯಾಲ ಇರಬೇಕು."

ಜೀಪು ಹೋದ ಮೇಲೆ ಮಾಸ್ತರರು ಪುಸ್ತಕಗಳನ್ನು ಮತ್ತೆ ಟ್ರಂಕಿಗೆ ಜೋಡಿಸಿದರು. "ನೋಡೀನಿ ಅಂತ ಬರದುಬಿಡ್ರಿ," ಅಂದರು, ನನ್ನ ಮುಖ ನೋಡದೆ. "ಮಕ್ಕಳು ಬರೂದು ಖರೇನ ಐತಲ್ಲ. ನಿಮ್ಮ ಒಂದು ಮಾತಿಗೆ ಸಾಲಿ ಉಳಿತೈತಿ."

ನನಗೆ ಅದು ಖರೆಯೋ ಸುಳ್ಳೋ ಗೊತ್ತಿರಲಿಲ್ಲ. ನೋಡಿದೆ ಎಂದು ಬರೆದರೆ ನೋಡದ್ದನ್ನು ಬರೆದಂತೆ. ನೋಡಿಲ್ಲ ಎಂದು ಬರೆದರೆ ನನ್ನ ಸಹಿ ಸುಳ್ಳಾಗುತ್ತದೆ, ಶಾಲೆಯೂ ಮುಚ್ಚುತ್ತದೆ. ಮುಚ್ಚಿದರೆ ನನಗೆ ಬೇಕಾದ ವರ್ಗಾವಣೆ ತಾನಾಗಿಯೇ ಸಿಗುತ್ತದೆ ಎಂಬುದೂ ಹೊಳೆಯಿತು. ಹೊಳೆದದ್ದನ್ನು ಮುಚ್ಚಿಡುವುದಿಲ್ಲ. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದುಕೊಂಡೇ ಬಂದೆ. ಇಳಿದಾಗ ಅಂಗೈ ತುಂಬ ತುಕ್ಕು.

ಮರುದಿನ ಒಂಬತ್ತು ಮಕ್ಕಳನ್ನು ಮಾಸ್ತರರಿಗೆ ಒಪ್ಪಿಸಿ ನೀಲವ್ವನ ಮನೆಗೆ ಹೋದೆ. ನೀಲವ್ವ ಎಂದರೆ ಊರಿನ ತುಂಬು ಬಿಡಿಸುವ ಹೆಂಗಸರಿಗೆಲ್ಲ ಮುಂದಾಳು. ಚೀಲಗಳು ಬಂದು ಇಳಿಯುತ್ತಿದ್ದುದೇ ಅವಳ ಹಿತ್ತಲಿನಲ್ಲಿ. ಚಪ್ಪರದ ಕೆಳಗೆ ಹದಿನೈದು ಇಪ್ಪತ್ತು ಹೆಂಗಸರು, ಅವರ ನಡುವೆ ನಮ್ಮ ಮಕ್ಕಳು. ನಾನು ಬೇಲಿಯ ಹೊರಗೇ ನಿಂತೆ. ಒಳಗಿನಿಂದ ಒಂದು ಹುಡುಗಿಯ ದನಿ ಕೇಳಿಸುತ್ತಿತ್ತು.

"ಹದಿನೇಳು ಎಂಟ್ಲಿ?"

"ನೂರಾ ಮೂವತ್ತಾರು!" ಎಂದು ಏಳೆಂಟು ಬಾಯಿ ಒಟ್ಟಿಗೆ.

"ನಮ್ಮ ಜಿಲ್ಲಾದ ನದಿ?"

"ವರದಾ, ತುಂಗಭದ್ರಾ, ಕುಮುದ್ವತಿ, ಧರ್ಮಾ!"

ಕೈಗಳು ನಿಂತಿರಲಿಲ್ಲ. ತೊಟ್ಟು ಒಂದು ಕಡೆ ಬೀಳುತ್ತಿತ್ತು, ಕಾಯಿ ಇನ್ನೊಂದು ಕಡೆ. ಕೇಳುತ್ತಿದ್ದವಳು ನಾಲ್ಕನೆಯ ತರಗತಿಯ ರೇಣುಕಾ, ನೀಲವ್ವನ ಮೊಮ್ಮಗಳು. ನನ್ನನ್ನು ಕಂಡು ಗಪ್ಪಾದಳು. ಒಳಗೆ ಹೋಗಿ ಅವಳ ಪಕ್ಕ ಕೂತೆ.

"ಇದನ್ನೆಲ್ಲ ಯಾವಾಗ ಕಲತ್ರಿ?"

"ಇವತ್ತ ಮುಂಜಾನಿ ರೀ ಅಕ್ಕೋರ. ಗುರುಗಳು ಹೇಳಿಕೊಟ್ಟಿದ್ದನ್ನ ಸಂಜಿ ಮಟ ಬಾಯಾಗ ಆಡಿಸಬೇಕ್ರಿ. ನಾಳಿ ಮುಂಜಾನಿ ಕೇಳ್ತಾರ."

"ಮತ್ತ ಪುಸ್ತಕದಾಗ ಯಾಕ ಬರಿಯೂದಿಲ್ಲ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನ್ನಿಸಿತು. ಎರಡೂ ಕೈ ಮುಂದೆ ಚಾಚಿದಳು. ಬೆರಳ ತುದಿಗಳು ಕೆಂಪಾಗಿ ಉಬ್ಬಿದ್ದವು, ಉಗುರಿನ ಸಂದಿಯಲ್ಲಿ ಚರ್ಮ ಸುಲಿದಿತ್ತು. "ಪೆನ್ಸಿಲ್ ಹಿಡದ್ರ ಉರಿತೈತ್ರಿ. ಆ ಕೈ ಕಣ್ಣಿಗೆ ಹತ್ತಿದ್ರ ಮುಗದ ಹೋತು. ಅದಕ್ಕ ಕಾಯಿ ಸಾಲ್ಯಾಗ ಬರಿಯೂದಿಲ್ಲರಿ, ಬರೀ ಬಾಯಿ."

ನೀಲವ್ವ ಕಾಯಿಯ ರಾಶಿಯಿಂದ ತಲೆಯೆತ್ತದೆ ಅಂದಳು: "ಸಾಲಿ ಮುಚ್ತಾರಂತ ಸುದ್ದಿ ಐತಿ. ಹೌದೇನ್ರಿ ಅಕ್ಕೋರ? ನನ್ನ ಮಗಳ ಕಾಲಕ್ಕ ಐದನೇತ್ತೆಗೆ ಹಳ್ಳದ ಆಚಿ ಕಳಸ್ಲಿಲ್ಲ, ಅಲ್ಲಿಗೇ ಬಿಡಿಸಿದೆ. ಈಗ ಒಂದನೇತ್ತೇನೂ ಅಲ್ಲೇ ಆದ್ರ ಇವರ್ಯಾರನ್ನೂ ಕಳಸೂದಿಲ್ಲ ನೋಡ್ರಿ. ಸಿಟ್ಟಾಗಬ್ಯಾಡ್ರಿ, ಖರೇ ಹೇಳೀನಿ."

ನಾನು ಸಿಟ್ಟಾಗಲಿಲ್ಲ. ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು, ಎಲ್ಲಿಗೆಂದು ತಿಳಿಯಲಿಲ್ಲ. ಆ ದಿನ ಸಂಜೆಯ ಬಸ್ಸು ಹತ್ತಲಿಲ್ಲ. ಅಂಗಡಿಯ ಫೋನಿನಿಂದ ಮನೆಗೆ ತಿಳಿಸಿ ನೀಲವ್ವನ ಮನೆಯಲ್ಲೇ ಉಳಿದೆ.

ಬೆಳಗಿನ ಆರೂವರೆಗೆ ರೈಲು ಹಳಿಯ ಗಂಟೆ ಬಡಿದದ್ದನ್ನು ಅವತ್ತೇ ಮೊದಲ ಸಲ ಕೇಳಿದ್ದು. ಇಬ್ಬನಿ ದಟ್ಟವಾಗಿತ್ತು. ಮಕ್ಕಳು ಅಕ್ಕನ ಶಾಲು, ಅವ್ವನ ಹಳೆಯ ಸೀರೆಯ ತುಂಡು, ಏನು ಸಿಕ್ಕಿತೋ ಅದನ್ನು ಹೊದ್ದು ಬಂದವು. ನಾನು ಬಾಗಿಲ ಪಕ್ಕ ನಿಂತು ಎಣಿಸಿದೆ. ನಲವತ್ತೊಂದು. ಇಬ್ಬರಿಗೆ ಜ್ವರ ಎಂದು ಅವರ ಅಣ್ಣಂದಿರು ಬಂದು ಹೇಳಿ ಹೋದರು. ಪುಸ್ತಕದಲ್ಲಿ ಆ ಇಬ್ಬರ ಎದುರು ಮಾಸ್ತರರು ಗೈರು ಎಂದೇ ಬರೆದರು. ಆಮೇಲೆ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತರು. ಈ ಕಡೆ ಎರಡು ತರಗತಿ, ಆ ಕಡೆ ಎರಡು. ಒಂದನೆಯವರು ಅಕ್ಷರ ಹೇಳುತ್ತಿರುವಾಗಲೇ ನಾಲ್ಕನೆಯವರಿಗೆ ಭಾಗಾಕಾರ ಕೊಡುವುದು, ಅವರು ಮನಸ್ಸಿನಲ್ಲಿ ಮಾಡುತ್ತಿರುವಾಗ ಎರಡನೆಯವರ ಪದ್ಯ ಕೇಳುವುದು. ಐವತ್ತಾರು ವಯಸ್ಸಿನ ಮನುಷ್ಯ ಮೂರು ಗಂಟೆ ಒಂದು ಸಲವೂ ಕೂರಲಿಲ್ಲ. ಹದಿನೈದು ದಿನದಿಂದ ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. ಅದರಲ್ಲಿ ಅರ್ಧ ನನ್ನದು.

ಒಂಬತ್ತೂವರೆಗೆ ಮಕ್ಕಳು ಸಾಲಾಗಿ ನಿಂತು ಅಂಗೈ ಒಡ್ಡಿದವು. ಮಾಸ್ತರರು ಕೊಬ್ಬರಿಎಣ್ಣೆಯ ಬಾಟಲಿ ಹಿಡಿದು ಒಬ್ಬೊಬ್ಬರ ಬೆರಳಿಗೂ ಒಂದೊಂದು ಹನಿ ಹಚ್ಚಿದರು. ಹಚ್ಚಿಕೊಂಡು ದೊಡ್ಡ ಮಕ್ಕಳು ಕಾಯಿಗೆ ಓಡಿದವು, ಸಣ್ಣವು ಒಳಗೆ ಹೋದವು. ಅಂಗಳ ಖಾಲಿಯಾಯಿತು. ನಾನು ದಿನಾ ಬಂದು ನೋಡುತ್ತಿದ್ದ ಖಾಲಿ ಅಂಗಳ ಅದೇ.

ಆಗ ಹೇಳಿಬಿಟ್ಟೆ. ಕಚೇರಿಯಲ್ಲಿ ಮಕ್ಕಳಿಲ್ಲ ಎಂದದ್ದು ನಾನು, ನೋಟುಪುಸ್ತಕ ಖಾಲಿ ಎಂದದ್ದೂ ನಾನು, ಸಾಹೇಬರು ಬಂದದ್ದು ಅದಕ್ಕೇ.

ಅವರು ಕ್ಷಮಿಸುತ್ತಾರೆಂದು ಒಳಗೊಳಗೆ ಅಂದುಕೊಂಡಿದ್ದೆನೇನೋ. ಮಾಸ್ತರರು ಬಾಟಲಿಯ ಮುಚ್ಚಳ ಹಾಕಿದರು. ಮುಖ ಕಪ್ಪಿಟ್ಟಿತು. "ಏಳು ತಿಂಗಳು ನನ್ನ ಎದುರಿಗೆ ಕುಂತು ರೊಟ್ಟಿ ಉಂಡೀರಿ," ಅಂದರು. "ಒಂದು ಮಾತು ಕೇಳಬೇಕಿತ್ತು. ನೋಟ್‌ಬುಕ್ ಯಾಕ ಖಾಲಿ ಅದಾವು ಮಾಸ್ತರ ಅಂತ ಒಂದ ಮಾತು. ಅಲ್ಲಿ ಹೋಗಿ ಹೇಳಾಕ ಬಾಯಿ ಇತ್ತು, ಇಲ್ಲಿ ಕೇಳಾಕ ಇರಲಿಲ್ಲ?" ದನಿ ಏರಿತ್ತು. ಮನೆಯೊಳಗಿಂದ ಅವರ ಹೆಂಡತಿ ಕುಂಟುತ್ತ ಹೊರಗೆ ಬಂದು ನಿಂತರು. ಮಾಸ್ತರರು ಒಳಗೆ ಹೋದರು. ಅವತ್ತಿನ ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಲಿಲ್ಲ.

ಹೇಳಿಕೆಯನ್ನು ಆ ದಿನವೇ ಬರೆದೆ. ಮಕ್ಕಳು ಬರುವುದು ನಿಜ, ನಾನು ಕಣ್ಣಾರೆ ಕಂಡದ್ದು ಒಂದೇ ದಿನ, ಉಳಿದ ದಿನಗಳ ನನ್ನ ಸಹಿ ಸುಳ್ಳು. ಖಾಲಿ ಹಾಳೆಗೆ ಕಾರಣ ಮಕ್ಕಳ ಬೆರಳು. ತಾವು ಆರೂವರೆಗೆ ಬಂದು ಬಾಯಿಂದ ಕೇಳಬೇಕು. ಹೀಗೆ ಬರೆದು ನಾನೇ ಬ್ಯಾಡಗಿಗೆ ಹೋಗಿ ಕೊಟ್ಟೆ. ಸಾಹೇಬರು ಎರಡು ಸಲ ಓದಿ, "ನಿಮ್ಮ ಕೈಯಿಂದ ನೀವ ಸಿಗಹಾಕ್ಕೊಳ್ಳಾಕತ್ತೀರಿ, ಗೊತ್ತೈತೇನ್ರಿ?" ಅಂದರು. ಗೊತ್ತಿದೆ ಅಂದೆ. ಗೊತ್ತಿರಲಿಲ್ಲ.

ಮುಂದಿನ ವಾರ ಸಾಹೇಬರು ಮಫ್ಲರು ಸುತ್ತಿಕೊಂಡು ಕತ್ತಲು ಹರಿಯುವ ಮೊದಲೇ ಬಂದರು. ಅಷ್ಟು ಹೊತ್ತಿಗೆ ನಾನು ನೀಲವ್ವನ ಮನೆಯಲ್ಲೇ ಉಳಿಯತೊಡಗಿ ದಿನಾ ಮುಂಜಾನೆ ಆ ಬಾಗಿಲ ಒಂದು ಕಡೆ ನಿಲ್ಲುತ್ತಿದ್ದೆ, ಮಾಸ್ತರರು ಇನ್ನೊಂದು ಕಡೆ. ನಮ್ಮಿಬ್ಬರ ನಡುವೆ ಪಾಠದ ಮಾತು ಬಿಟ್ಟು ಬೇರೆ ಇರಲಿಲ್ಲ. ಸಾಹೇಬರು ಎರಡು ಗಂಟೆ ಕೂತು ಕೇಳಿದರು. ರೇಣುಕಾ ಅವರಿಗೇ ತಿರುಗಿ ಒಂದು ಲೆಕ್ಕ ಹಾಕಿದಳು, ಅವರು ಪೆನ್ನು ತೆಗೆಯಹೋದಾಗ ಮಕ್ಕಳೆಲ್ಲ, "ಬರಿಯೂಹಂಗಿಲ್ಲರೀ!" ಎಂದು ಕೂಗಿದವು. ಸಾಹೇಬರು ನಕ್ಕರು. ನನಗೆ ಎಲ್ಲ ಸರಿಹೋಯಿತು ಅನ್ನಿಸಿತು.

ಶಿವರಾತ್ರಿ ಕಳೆದು ಆದೇಶಗಳು ಬಂದವು. ಶಾಲೆ ಮುಚ್ಚುವುದಿಲ್ಲ. ಮಕ್ಕಳ ಹಾಜರಿಯಲ್ಲಿ ದೋಷವಿಲ್ಲ. ಆದರೆ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಸುಳ್ಳು ಸಹಿಯಿದೆ ಎಂದು ಸಹಶಿಕ್ಷಕಿಯೇ ಬರೆದುಕೊಟ್ಟಿದ್ದಾಳೆ, ಅದಕ್ಕೆ ಅವಕಾಶ ಕೊಟ್ಟವರು ಮುಖ್ಯ ಗುರುಗಳು. ಮಲ್ಲೇಶಪ್ಪ ಮಾಸ್ತರರನ್ನು ರಾಣೆಬೆನ್ನೂರು ತಾಲೂಕಿಗೆ, ಐರಣಿಯ ಕಡೆ ಹೊಳೆಯ ದಂಡೆಯ ಒಂದು ಶಾಲೆಗೆ ಹಾಕಿದ್ದರು. ನನಗೆ ಒಂದು ಎಚ್ಚರಿಕೆ ಪತ್ರ. ವರ್ಗಾವಣೆಯ ಅರ್ಜಿ ತಿರಸ್ಕೃತ. ಮುಂದಿನ ಆದೇಶದವರೆಗೆ ಶಾಲೆಯ ಪ್ರಭಾರ ನನ್ನದು. ಅವರು ನನಗೆ ಮಾಡಿದ ಒಂದು ಉಪಕಾರಕ್ಕೆ ಅವರಿಗೆ ಶಿಕ್ಷೆಯಾಯಿತು. ನಾನು ನಿಜ ಬರೆಯದೆ ಇದ್ದಿದ್ದರೆ ಶಾಲೆ ಹೋಗುತ್ತಿತ್ತು, ಬರೆದಿದ್ದಕ್ಕೆ ಅವರು ಹೋದರು. ಈ ಎರಡನ್ನೂ ಎಷ್ಟು ಸಲ ಅತ್ತಿತ್ತ ತಿರುಗಿಸಿ ನೋಡಿದರೂ, ಮೊದಲು ಆ ಕಚೇರಿಯಲ್ಲಿ ಬಾಯಿ ಬಿಟ್ಟವಳು ನಾನೇ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಪ್ರಭಾರ ವಹಿಸಿಕೊಡುವ ದಿನ ಅವರು ಟ್ರಂಕಿನ ಕೀಲಿ, ಗಂಟೆ ಬಡಿಯುವ ಕಬ್ಬಿಣದ ಸರಳು, ಅರ್ಧ ಉಳಿದಿದ್ದ ಕೊಬ್ಬರಿಎಣ್ಣೆಯ ಬಾಟಲಿ, ಎಲ್ಲ ಮೇಜಿನ ಮೇಲೆ ಇಟ್ಟರು. ಪಟ್ಟಿಯ ಕೆಳಗೆ ಇಬ್ಬರೂ ಸಹಿ ಮಾಡಿದೆವು. ಏನಾದರೂ ಅನ್ನಲಿ, ಬೈಯಲಿ ಎಂದು ಕಾದೆ.

"ರೇಣುಕಾಗ ಭಾಗಾಕಾರ ಬಾಯಾಗ ಬರತೈತಿ, ಕೈಯಾಗ ಬರೂದಿಲ್ಲ," ಅಂದರು. "ಬೆರಳು ವಾಸಿ ಆದ ಮ್ಯಾಲ ಬರಸ್ರಿ. ಮೂರನೇತ್ತೆ ಬಸ್ಯಾ ಕೇಳಿಸಿದಂಗ ನಟಿಸ್ತಾನ, ಎಡಗಿವಿ ಕೇಳಸೂದಿಲ್ಲ ಅವಗ. ಮುಂದ ಕುಂದ್ರಸ್ರಿ." ಹೀಗೆ ನಲವತ್ಮೂರು ಮಕ್ಕಳ ಬಗ್ಗೆಯೂ ಹೇಳಿದರು. ಈ ಸಲ ನಾನು ಬರೆದುಕೊಂಡೆ. ಮುಗಿದ ಮೇಲೆ ಎದ್ದು ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ಹೋದರು. ಅವರ ಹೆಂಡತಿ ಆ ಮನೆಯಲ್ಲೇ ಉಳಿದರು; ಮಾಸ್ತರರು ಶನಿವಾರಕ್ಕೊಮ್ಮೆ ಬಂದು ಸೋಮವಾರ ನಸುಕಿಗೆ ಹೊರಟುಬಿಡುತ್ತಿದ್ದರು. ಶಾಲೆಯ ಕಡೆ ಬರಲಿಲ್ಲ. ಅವರ ಮನೆಯ ಬಾಗಿಲಿಗೆ ಹೋಗುವ ಧೈರ್ಯ ನನಗಾಗಲಿಲ್ಲ. ಎರಡು ಮಾರು ದೂರದ ಬಾಗಿಲು ಅದು.

ಮುಂದಿನ ಜನವರಿಯಲ್ಲಿ ಶಾಲೆಯಲ್ಲಿ ನಾನೊಬ್ಬಳೇ ಇದ್ದೆ. ಈ ಸಲ ಮೊದಲೇ ಅರ್ಜಿ ಕೊಟ್ಟು ಸಾಹೇಬರಿಂದ ಮುಂಜಾನೆಯ ಶಾಲೆಗೆ ಒಪ್ಪಿಗೆ ಬರೆಸಿಕೊಂಡಿದ್ದೆ. ಸಂಕ್ರಮಣದ ಮರುದಿನ ಸೂಚನಾ ಪುಸ್ತಕ ತೆರೆದು, ಹಿಂದಿನವರ ಸಾಲಿನ ಕೆಳಗೆ ಅದೇ ಸಾಲು ಬರೆದೆ. ನಸುಕಿನಲ್ಲಿ ಹಳಿಯ ತುಂಡಿಗೆ ಸರಳು ಬಡಿದಾಗ ಮೊದಲ ಪೆಟ್ಟು ಸರಿಯಾಗಿ ಬೀಳಲಿಲ್ಲ. ಎರಡನೆಯದಕ್ಕೆ ಊರು ಎದ್ದಿತು. ಆ ಒಂದೂವರೆ ತಿಂಗಳು ನಾನು ರಸ್ತೆಯ ಕಡೆ ನೋಡಿದ ನೆನಪಿಲ್ಲ, ಆದರೆ ನೆಮ್ಮದಿಯೂ ಇರಲಿಲ್ಲ. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತಾಗೆಲ್ಲ ಈ ಜಾಗದಲ್ಲಿ ನಾನಿರಬಾರದಿತ್ತು ಅನ್ನಿಸುತ್ತಿತ್ತು.

ಕಾಯಿ ಸಾಲಿ ಶುರುವಾಗಿ ವಾರವಾದ ಮೇಲೆ ಒಂದು ಕಾರ್ಡು ಬಂತು. ಕೆಂಪು ಶಾಯಿ. ನನ್ನ ಹೆಸರಿರಲಿಲ್ಲ, ಮುಖ್ಯ ಗುರುಗಳಿಗೆ ಎಂದಷ್ಟೇ ಇತ್ತು. ಕ್ಷೇಮ ಸಮಾಚಾರವಿಲ್ಲ, ಸಹಿಯೂ ಇಲ್ಲ. ಒಳಗೆ ಒಂದೇ ಪ್ರಶ್ನೆ: 'ಕಾಯಿ ಸಾಲಿ ಸುರುವಾಯಿತೆ? ಹಾಜರಿ ಎಷ್ಟು?'

ಉತ್ತರಕ್ಕೆಂದು ನಾಲ್ಕು ಕಾರ್ಡು ಹಾಳು ಮಾಡಿದೆ. ಎಲ್ಲದರಲ್ಲೂ ತಪ್ಪಾಯಿತು, ಕ್ಷಮಿಸಿ ಎಂದೆಲ್ಲ ಬರೆದು ಹರಿದೆ. ಅವರು ಕೇಳಿದ್ದು ಅದನ್ನಲ್ಲ. ಐದನೆಯದರಲ್ಲಿ ಕೇಳಿದ್ದಕ್ಕಷ್ಟೇ ಬರೆದು, ಮಕ್ಕಳು ಕಾಯಿಗೆ ಹೋದ ಮೇಲೆ ಕದರಮಂಡಲಗಿಯವರೆಗೆ ನಡೆದುಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದೆ:

'ಆರೂವರೆಗೆ ಗಂಟೆ ಬಾರಿಸಿದೆ. ಮಕ್ಕಳು ನಲವತ್ನಾಲ್ಕರಲ್ಲಿ ನಲವತ್ತೆರಡು. ಶಿಕ್ಷಕರು ಒಬ್ಬರು, ಹಾಜರು.'